ಡಗ್ಗಾ ಎಲ್ಲಿ ಹೋತು?

ಕಾರಿನ ಹೊಸ ಸ್ಟೀರಿಯೊದ ಪರದೆ ಮೇಲೆ ಹಾಡು ಓಡುತ್ತಿತ್ತು. ನಿಮಿಷ, ಸೆಕೆಂಡು ಎಲ್ಲ ಸರಿಯಾಗಿ ಎಣಿಕೆಯಾಗುತ್ತಿತ್ತು. ಅಂಗಡಿಯ ಹುಡುಗ ವಾಲ್ಯೂಮ್ 10ಕ್ಕೆ ತಂದ, 20ಕ್ಕೆ ತಂದ, 35ಕ್ಕೆ ತಂದ. ಎ.ಸಿ. ಫ್ಯಾನ್ ತಿರುಗುವುದು ಕೇಳುತ್ತಿತ್ತು. ಸ್ಪೀಕರುಗಳು ಮಾತ್ರ ಪಿಟ್ಟೆನ್ನಲಿಲ್ಲ.

ಇದು ಬೆಂಗಳೂರಿನ ಜೆ.ಸಿ. ರಸ್ತೆ. ಸೀಟ್ ಕವರಿನಿಂದ ಹಿಡಿದು ಹಾರ್ನ್‌ವರೆಗೆ ಕಾರಿಗೆ ಬೇಕಾದ್ದೆಲ್ಲ ಸಿಗುವ ಜಾಗ. ಅಂಗಡಿ ಮುಂದೆ ರಸ್ತೆ ಬದಿಯಲ್ಲೇ ಕಾರು ನಿಲ್ಲಿಸಿಕೊಂಡು, ಅಲ್ಲೇ ಡ್ಯಾಶ್‌ಬೋರ್ಡ್ ಬಿಚ್ಚಿ, ಅಲ್ಲೇ ಹೊಸ ಸೆಟ್ ಕೂರಿಸಿ ಕಳಿಸುತ್ತಾರೆ. ನಾನು ತಂದಿದ್ದು 9 ಇಂಚಿನ ಆಂಡ್ರಾಯ್ಡ್ ಸೆಟ್. 11,500 ರೂಪಾಯಿ. ಅದರ ಫ್ರೇಮು, ಕಪ್ಲರು (ವೈರುಗಳನ್ನು ಜೋಡಿಸುವ ಪ್ಲಗ್ಗು) ಸೇರಿ ಇನ್ನೊಂದು 1,800. ಒಂದು ಗಂಟೆಯ ಕೆಲಸ ಅಂದಿದ್ದರು. ಎರಡೂವರೆ ಗಂಟೆ ಆಗಿತ್ತು.

"ಸರ್, ನಿಮ್ಮ ಗಾಡೀಲಿ ಕಂಪನಿ ಆಂಪ್ ಇದೆ" ಅಂದ ಹುಡುಗ. ಏನೋ ಕಾಯಿಲೆ ಪತ್ತೆಯಾದಾಗ ಡಾಕ್ಟರು ಹೇಳುವ ಧಾಟಿಯಲ್ಲಿ.

"ಇದ್ರೆ?"

"ತೆಗೆದು ಬಿಸಾಕಿಬಿಡೋಣ ಸರ್. ಸ್ಪೀಕರಿಗೆ ಡೈರೆಕ್ಟ್ ವೈರ್ ಕೊಟ್ಬಿಡ್ತೀನಿ. ಅರ್ಧ ಗಂಟೆ."

ಅವನ ಕೈಯಲ್ಲಿ ಕಟಿಂಗ್ ಪ್ಲೇಯರ್ ಇತ್ತು. ಆ ಕಾರು ನನ್ನದಾಗಿದ್ದರೆ ಬಹುಶಃ ಸರಿ ಅಂದುಬಿಡುತ್ತಿದ್ದೆ. ಆದರೆ ಅದು ಮಾವನ ಕಾರು.

ಮಾವ ಧಾರವಾಡದವರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. 2009ರಲ್ಲಿ ತಮ್ಮ ಆಸೆಗೆ ಅಂತ ಒಂದೇ ಒಂದು ದುಬಾರಿ ವಸ್ತು ಕೊಂಡಿದ್ದರು, ಈ ಜಪಾನಿ ಸೆಡಾನ್, ಅದರಲ್ಲೂ ಟಾಪ್ ಮಾಡೆಲ್. ಟಾಪ್ ಮಾಡೆಲ್ ಯಾಕೆ ಅಂತ ಕೇಳಿದರೆ ಸನ್‌ರೂಫ್ ಅನ್ನಲಿಲ್ಲ, ಲೆದರ್ ಸೀಟ್ ಅನ್ನಲಿಲ್ಲ. "ಅದರಾಗ ಎಂಟು ಸ್ಪೀಕರ್ ಅದಾವ್ರಿ" ಅಂದಿದ್ದರು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಊರಿನ ಕಡೆಯವರು, ಕೇಳಬೇಕೇ! ಕಣ್ಣಿನ ಆಪರೇಷನ್ ಆದಮೇಲೆ ಕಾರು ಓಡಿಸುವುದು ಬಿಟ್ಟರು. ಕಾರು ನಮಗೆ ಬಂತು. ಅದರ ಹಳೇ ಸ್ಟೀರಿಯೊದಲ್ಲಿ ಆರು ಸಿ.ಡಿ. ಹಾಕುವ ಚೇಂಜರ್ ಇತ್ತು. ಒಳಗೆ ಒಂದು ಸಿ.ಡಿ. ಸಿಕ್ಕಿಕೊಂಡು ಎರಡು ವರ್ಷದಿಂದ ಎರರ್ ತೋರಿಸುತ್ತಿತ್ತು. ನನಗೆ ಬೇಕಾಗಿದ್ದು ಮ್ಯಾಪು, ಬ್ಲೂಟೂತು, ರಿವರ್ಸ್ ಕ್ಯಾಮೆರಾ. ಅಷ್ಟೇ.

"ಬೇಡಪ್ಪ, ಕತ್ತರಿಸಬೇಡ" ಅಂದು ಹಣ ಕೊಟ್ಟು, ಮೂಕ ಸ್ಟೀರಿಯೊ ಜೊತೆ ವಿಜಯನಗರದ ಮನೆಗೆ ಬಂದೆ. ಹಳೇ ಸ್ಟೀರಿಯೊ ಹಿಂದಿನ ಸೀಟಿನ ಮೇಲೆ ಕೂತಿತ್ತು. ಒಳಗೆ ಆ ಸಿ.ಡಿ. ಸಮೇತ.

ಆ ರಾತ್ರಿ ಓದಲು ಕೂತೆ. ಸಾಮಾನ್ಯ ಕಾರಿನಲ್ಲಿ ಸ್ಟೀರಿಯೊದ ಒಳಗೇ ಒಂದು ಸಣ್ಣ ಆಂಪ್ಲಿಫೈಯರ್, ಅಂದರೆ ದನಿ ದೊಡ್ಡದು ಮಾಡುವ ಆಂಪ್, ಚಿಪ್ ರೂಪದಲ್ಲಿ ಇರುತ್ತದೆ. ಅಲ್ಲಿಂದ ನಾಲ್ಕು ಜೊತೆ ವೈರು ನೇರ ಸ್ಪೀಕರಿಗೆ. ನಮ್ಮ ಕಾರಿನಲ್ಲಿ ಹಾಗಿಲ್ಲ. ಸ್ಟೀರಿಯೊ ಬರೀ ಸಣ್ಣ ದನಿಯಲ್ಲಿ ಪಿಸುಗುಟ್ಟುತ್ತದೆ. ಅದನ್ನು ದೊಡ್ಡದು ಮಾಡುವ ಕೆಲಸ ಎಲ್ಲೋ ಬೇರೆ ಕಡೆ ಕೂತಿರುವ ಆಂಪ್‌ನದು. ಯಾವ ಸ್ಪೀಕರಿಗೆ ಯಾವ ಸ್ವರ ಅಂತ ಪಾಲು ಹಂಚುವುದೂ ಅದೇ. ಅದನ್ನು ತೆಗೆದು ನೇರ ವೈರ್ ಎಳೆದರೆ ಡ್ಯಾಶ್‌ಬೋರ್ಡಿನ ಮೂಲೆಯ ಪುಟ್ಟ ಟ್ವೀಟರಿಗೂ (ಕೀರಲು ಸ್ವರಕ್ಕೆಂದೇ ಇರುವ ಸ್ಪೀಕರು ಅದು) ತುಂಬಾ ಬೇಸ್, ಅಂದರೆ ದಪ್ಪ ಸ್ವರ, ಹೋಗುತ್ತೆ. ಅದು ತಡೆಯೋದಿಲ್ಲ, ಸುಟ್ಟು ಹೋಗುತ್ತೆ.

ಇನ್ನೊಂದು ವಿಷಯ ಮರುದಿನ ಗೊತ್ತಾಯಿತು. ಎಡಗಡೆ ಬಾಗಿಲಿನ ಸ್ಪೀಕರಿಗೆ ಮಲ್ಟಿಮೀಟರ್ (ವೋಲ್ಟು, ಓಮು ಅಳೆಯುವ ಮೀಟರು) ಹಿಡಿದೆ. 1.8 ಓಮ್. ಅಂದರೆ 2 ಓಮ್ ಸ್ಪೀಕರು. ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆ, ಅದು ಕಡಿಮೆಯಿದ್ದಷ್ಟೂ ಸ್ಪೀಕರು ಹೆಚ್ಚು ಕರೆಂಟ್ ಎಳೆಯುತ್ತೆ. ಹೊಸ ಸೆಟ್ಟಿನ ಡಬ್ಬದ ಮೇಲೆ 4 ಓಮ್‌ಗಿಂತ ಕಡಿಮೆ ಹಾಕಬೇಡಿ ಅಂತ ಬರೆದಿತ್ತು. ಅದೇ ಡಬ್ಬದ ಮೇಲೆ 4x45 ವಾಟ್ ಅಂತಲೂ ಬರೆದಿತ್ತು, ಆ ಮಾತು ಬೇರೆ. 12 ವೋಲ್ಟ್ ಬ್ಯಾಟರಿ ನಂಬಿಕೊಂಡ ಇಂಥ ಚಿಪ್‌ನಿಂದ ಚೊಕ್ಕವಾಗಿ ಸಿಗುವುದು ಒಂದೊಂದು ಸ್ಪೀಕರಿಗೆ 18, ಹೆಚ್ಚೆಂದರೆ 20 ವಾಟ್. ಅಂಗಡಿಯ ಹುಡುಗ ಹೇಳಿದಂತೆ ಮಾಡಿದ್ದರೆ ಒಂದು ವಾರ ಹಾಡಿ, ಬಿಸಿಯಾಗಿ, ಆಮೇಲೆ ಏನಾಗುತ್ತಿತ್ತೋ.

ಭಾನುವಾರ ಬೆಳಿಗ್ಗೆ ಮನೆ ಮುಂದಿನ ಹೊಂಗೆ ಮರದ ಕೆಳಗೆ ಶುರು ಮಾಡಿದೆ. ಮೊದಲು ಆಂಪ್ ಹುಡುಕಬೇಕಲ್ಲ. ಡಿಕ್ಕಿ ನೋಡಿದೆ, ಇಲ್ಲ. ಗ್ಲವ್ ಬಾಕ್ಸ್ ಹಿಂದೆ ಇಲ್ಲ. ಕೊನೆಗೆ ಡ್ರೈವರ್ ಪಕ್ಕದ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಅಲ್ಲಿತ್ತು. ಟಿಫನ್ ಡಬ್ಬಿಯಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ. ಮೇಲೆ ಹದಿನಾಲ್ಕು ವರ್ಷದ ಧೂಳು, ಒಂದು ರೂಪಾಯಿ ನಾಣ್ಯ, ಒಣಗಿದ ಅಡಿಕೆ ಚೂರು.

ಇಲ್ಲೊಂದು ಎಚ್ಚರಿಕೆ. ಸೀಟಿನ ಕೆಳಗೆ ಹಳದಿ ಬಣ್ಣದ ಕಪ್ಲರ್ ಕಂಡರೆ ಅದರ ತಂಟೆಗೆ ಹೋಗಬೇಡಿ. ಅದು ಏರ್‌ಬ್ಯಾಗಿನದು, ಸೀಟ್ ಬೆಲ್ಟಿನದು. ಮಲ್ಟಿಮೀಟರಿನ ಮೊನೆಯನ್ನೂ ತಾಗಿಸಬಾರದು. ನಾನು ಬ್ಯಾಟರಿಯ ಮೈನಸ್ ಬಿಚ್ಚಿಟ್ಟು, ಹತ್ತು ನಿಮಿಷ ಬಿಟ್ಟು ಆಮೇಲೆ ಸೀಟಿನ ಬೋಲ್ಟಿಗೆ ಕೈ ಹಾಕಿದೆ.

ಈ ಕಾರಿನ ಸರ್ವಿಸ್ ಮ್ಯಾನುಯಲ್ ಸಿಕ್ಕಿತ್ತು. ಅದರಲ್ಲಿ ಆಡಿಯೊ ವೈರಿಂಗ್ ಇರುವ ನಾಲ್ಕು ಪುಟ ಜೆರಾಕ್ಸ್ ಮಾಡಿಸಿಕೊಂಡಿದ್ದೆ. ಆಂಪಿಗೆ ಬರುವ ವೈರುಗಳಲ್ಲಿ ಮುಖ್ಯವಾದವು ಮೂರು ಬಗೆ. ಬ್ಯಾಟರಿಯಿಂದ ಸದಾ ಬರುವ 12 ವೋಲ್ಟು ಮತ್ತು ಅರ್ಥ್ (ಕಾರಿನ ಕಬ್ಬಿಣದ ಮೈಗೆ ಸೇರುವ ವೈರು). ಸ್ಟೀರಿಯೊದಿಂದ ಬರುವ ಹಾಡು, ನಾಲ್ಕು ಜೊತೆ. ಜೊತೆಗೆ ಒಂಟಿ ವೈರು ಒಂದು. ಆ ಒಂಟಿ ವೈರಿನ ಕೆಲಸ ಇಷ್ಟೇ, "ಏಳಪ್ಪ, ಹಾಡೋ ಹೊತ್ತಾಯ್ತು" ಅಂತ ಆಂಪನ್ನು ಎಬ್ಬಿಸುವುದು. ಅದರಲ್ಲಿ 12 ವೋಲ್ಟ್ ಬಂದರೆ ಆಂಪ್ ಏಳುತ್ತೆ, ಹೋದರೆ ಮಲಗುತ್ತೆ.

ಬ್ಯಾಟರಿ ಮತ್ತೆ ಜೋಡಿಸಿ, ಕೀ ಹಾಕಿ ಅಳೆದೆ. ಬ್ಯಾಟರಿ ವೈರಲ್ಲಿ 12.4. ಅರ್ಥ್ ಚೆನ್ನಾಗಿದೆ. ಎಬ್ಬಿಸುವ ವೈರಲ್ಲಿ ಸೊನ್ನೆ.

ಅಂದರೆ ಆಂಪ್ ಕೆಟ್ಟಿರಲಿಲ್ಲ. ಅದನ್ನು ಯಾರೂ ಎಬ್ಬಿಸಿರಲಿಲ್ಲ.

ಪಕ್ಕಾ ಮಾಡಿಕೊಳ್ಳೋಣ ಅಂತ ಒಂದು ತುಂಡು ವೈರ್ ತೊಗೊಂಡು, ಸದಾ 12 ವೋಲ್ಟ್ ಇರುವ ಕಡೆಯಿಂದ ಎಬ್ಬಿಸುವ ವೈರಿಗೆ ಸುಮ್ನೆ ಒಂದು ಜಂಪರ್ ಕೊಟ್ಟೆ. ಧೊಪ್ ಅಂತ ಒಂದು ಸದ್ದು. ಆಮೇಲೆ ಎಂಟೂ ಸ್ಪೀಕರು ಒಟ್ಟಿಗೆ ಕಿರುಚಿದವು. ಅಂಗಡಿಯಲ್ಲಿ ಇಟ್ಟಿದ್ದ 35 ವಾಲ್ಯೂಮ್ ಹಾಗೇ ಇತ್ತು! ಎದುರು ಮನೆಯ ನಾಯಿ ಬೊಗಳಲು ಶುರುಮಾಡಿತು. ಹೆಂಡತಿ ಬಾಗಿಲಿಗೆ ಬಂದು ನೋಡಿದಳು. ನಾನು ಹೆಬ್ಬೆಟ್ಟು ಎತ್ತಿ ತೋರಿಸಿದೆ.

ಖುಷಿಯಲ್ಲಿ ಸೀಟು ಕೂರಿಸಿ, ಕೈ ತೊಳೆದು ಊಟಕ್ಕೆ ಹೋದೆ. ಜಂಪರ್ ತೆಗೆಯಲೇ ಇಲ್ಲ.

ಮಂಗಳವಾರ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ ಕಟ್ ಕಟ್ ಅನ್ನುತ್ತೆ, ಅಷ್ಟೆ. ಸುಮ್ಮನೆ ಎಚ್ಚರವಾಗಿ ಕೂತ ಆಂಪ್ ಕೂಡ ಕರೆಂಟ್ ತಿನ್ನುತ್ತದೆ. ಆಮೇಲೆ ಅಳೆದು ನೋಡಿದರೆ ಸುಮಾರು 0.7 ಆಂಪಿಯರ್. ಏನೂ ಅಲ್ಲ ಅನ್ನಿಸುತ್ತೆ ಅಲ್ವಾ? 40 ಗಂಟೆ ಹಿಡಿದರೆ 28 ಆಂಪಿಯರ್-ಅವರ್ ಆಯ್ತು. ಬ್ಯಾಟರಿ ಇದ್ದದ್ದು 45ರದ್ದು, ಅದೂ ಮೂರು ವರ್ಷ ಹಳೆಯದು. ಮೂಲೆ ಗ್ಯಾರೇಜಿನವರು ಬಂದು ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟು 500 ರೂಪಾಯಿ ತೊಗೊಂಡರು. ಒಂದು ಜಂಪರ್ ಮರೆತಿದ್ದಕ್ಕೆ ಇನ್ನೊಂದು ಜಂಪರ್!

ಎಬ್ಬಿಸುವ ವೈರನ್ನು ಹೊಸ ಸೆಟ್ಟೇ ಕೊಡಬೇಕು. ಸೆಟ್ ಹಿಂದಿನ ವೈರಿನ ಕಟ್ಟು ಹೊರಗೆಳೆದೆ. ಫ್ರೇಮ್ ಎಬ್ಬಿಸಲು ಹಳೇ ಎ.ಟಿ.ಎಂ. ಕಾರ್ಡು ಸಾಕಾಯ್ತು. ಒಂದು ಕ್ಲಿಪ್ ಮುರಿಯಿತು, ಒಂದು ಸ್ಕ್ರೂ ಎ.ಸಿ. ಡಕ್ಟಿನ ಹಿಂದೆಲ್ಲೋ ಬಿತ್ತು. ಅದು ಇವತ್ತಿಗೂ ಅಲ್ಲೇ ಇದೆ, ಸ್ಪೀಡ್ ಬ್ರೇಕರ್ ಹತ್ತಿದಾಗ ಹಾಜರಿ ಹಾಕುತ್ತೆ.

ಇಂಥ ಸೆಟ್ಟುಗಳ ವೈರಿಗೆ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ ಬಣ್ಣದ ಲೆಕ್ಕ. ಹಳದಿ ಸದಾ 12 ವೋಲ್ಟು, ಕೆಂಪು ಕೀ ಹಾಕಿದಾಗ, ಕಪ್ಪು ಅರ್ಥ್. ಬಿಳಿ, ಬೂದು, ಹಸಿರು, ನೇರಳೆ ಜೊತೆಗಳು ಸ್ಪೀಕರಿಗೆ. ಇವೆಲ್ಲ ಸೆಟ್ಟಿನ ಕಡೆಯ ಬಣ್ಣ ಮಾತ್ರ. ಕಾರಿನ ಕಡೆ ಬಣ್ಣಗಳು ಅವರವರ ಮನೆಯ ಸಂಪ್ರದಾಯ, ಹಳದಿಗೆ ಹಳದಿ ಸೇರಿಸಿದರೆ ಕೆಟ್ಟಿರಿ. ಈ ಕಟ್ಟಿನಲ್ಲಿ ಎರಡು ನೀಲಿ ವೈರುಗಳನ್ನು ಅಂಗಡಿಯಲ್ಲಿ ಬೇಡ ಅಂತ ಮಡಚಿ ಟೇಪು ಸುತ್ತಿದ್ದರು. ಟೇಪ್ ಬಿಚ್ಚಿದೆ. ಪುಟ್ಟ ಕಾಗದದ ಚೀಟಿ ಅಂಟಿಸಿತ್ತು. ಒಂದರ ಮೇಲೆ ಆಂಪ್-ಕಾನ್. ಇನ್ನೊಂದರ ಮೇಲೆ ಆಂಟ್-ಕಾನ್.

ಆರು ಗಂಟೆಯ ಮಬ್ಬು ಬೆಳಕು, ಚಾಳೀಸು ಬೇರೆ ಒಳಗೆ ಬಿಟ್ಟಿದ್ದೆ. ನಾನು ಹಿಡಿದಿದ್ದು ಆಂಟ್.

ಅದರ ಪರಿಣಾಮ ಮಜವಾಗಿತ್ತು. ರೇಡಿಯೊ ಹಾಕಿದರೆ ಹಾಡು. 101.3ರ ಕಾಮನಬಿಲ್ಲು ಬಂತು, 102.9ರ ವಿವಿಧ ಭಾರತಿ ಬಂತು. ಬ್ಲೂಟೂತಿಗೆ ಹೋದ ತಕ್ಷಣ ಮೌನ. ಮತ್ತೆ ರೇಡಿಯೊ, ಮತ್ತೆ ಹಾಡು. ಅರ್ಧ ಗಂಟೆ ಬ್ಲೂಟೂತನ್ನು ಬೈದೆ. ಆಮೇಲೆ ಹೊಳೆಯಿತು. ಆಂಟ್ ಅಂದರೆ ಆಂಟೆನಾ. ಆಂಟೆನಾದ ಬೂಸ್ಟರಿಗೆ ಕರೆಂಟ್ ಕೊಡುವ ವೈರು ಅದು, ರೇಡಿಯೊ ಹಾಕಿದಾಗ ಮಾತ್ರ ಜೀವ ಬರುತ್ತೆ. ಬಿಳಿ ಗೆರೆ ಇರುವ ನೀಲಿ ಆಂಪಿಗೆ, ಬರೀ ನೀಲಿ ಆಂಟೆನಾಗೆ. ನಮ್ಮ ಕಾರಿನಲ್ಲಿ ಹಿಂದಿನ ಗಾಜಿನ ಮೇಲೆ ಅಚ್ಚಾದ ಗೆರೆಗಳೇ ಆಂಟೆನಾ, ಅದಕ್ಕೂ ಬೂಸ್ಟರ್ ಇದೆ. ಹಾಗಾಗಿ ಎರಡೂ ವೈರು ಬೇಕಾಗಿದ್ದವು. ಎರಡಕ್ಕೂ ಬೇಡ ಅಂತ ಟೇಪು ಸುತ್ತಿದ್ದರು, ಅಷ್ಟೆ.

ಈಗ ಆಂಪ್ ಸರಿಯಾಗಿ ಎದ್ದು ಸರಿಯಾಗಿ ಮಲಗುತ್ತಿತ್ತು. ಆದರೆ ಹಾಡು? ಜಾತ್ರೆಯ ಮೈಕು. ವಾಲ್ಯೂಮ್ 3 ಇಟ್ಟರೆ ಕೇಳದು, 5 ಇಟ್ಟರೆ ಕರ್ಕಶ. ಹಾಡು ನಿಲ್ಲಿಸಿದರೂ ಸ್ಪೀಕರಿನಲ್ಲಿ ಸುಸ್ಸ್ ಅಂತ ಒಗ್ಗರಣೆ ಸದ್ದು.

ಕಪ್ಲರ್ ನೋಡಿದೆ. ಹೊಸ ಸೆಟ್ಟಿನ ಸ್ಪೀಕರ್ ವೈರುಗಳನ್ನೇ, ಆ ಬಿಳಿ-ಬೂದು-ಹಸಿರು-ನೇರಳೆಗಳನ್ನೇ, ಆಂಪಿಗೆ ಹೋಗುವ ವೈರಿಗೆ ಸೇರಿಸಿದ್ದರು. ಒಮ್ಮೆ ದೊಡ್ಡದಾದ ದನಿಯನ್ನು ಆಂಪಿಗೆ ಕೊಟ್ಟು ಇನ್ನೊಮ್ಮೆ ದೊಡ್ಡದು ಮಾಡು ಅಂದ ಹಾಗೆ. ಆಂಪು ಕಾಯುತ್ತಿದ್ದುದು ಒಂದೆರಡು ವೋಲ್ಟಿನ ಪಿಸುಮಾತಿಗೆ. ಸ್ಪೀಕರ್ ವೈರಿನಲ್ಲಿ ಬರುವುದು ಏಳೆಂಟು ವೋಲ್ಟು. ಕಿವಿಯ ಹತ್ತಿರ ಬಂದು ಕೂಗಿದರೆ ಮಾತು ಅರ್ಥವಾಗುತ್ತಾ?

ಪಿಸುಮಾತಿಗೆಂದೇ ಸೆಟ್ಟಿನ ಹಿಂದೆ ಬೇರೆ ದಾರಿ ಇರುತ್ತದೆ. ಆರ್‌ಸಿಎ ಸಾಕೆಟ್. ಟಿ.ವಿ.ಗೆ ವಿ.ಸಿ.ಡಿ. ಪ್ಲೇಯರ್ ಸೇರಿಸುತ್ತಿದ್ದ ಕೆಂಪು-ಬಿಳಿ ಪಿನ್ನುಗಳು ನೆನಪಿದೆಯಲ್ಲ, ಅದೇ. ಒಂದೊಂದರಲ್ಲೂ ನಡುವಿನ ಕಡ್ಡಿ ಪ್ಲಸ್, ಸುತ್ತಿನ ಬಳೆ ಮೈನಸ್. ಎಸ್.ಪಿ. ರಸ್ತೆಗೆ ಹೋಗಿ ಎರಡು ಜೊತೆ ಆರ್‌ಸಿಎ ಕೇಬಲ್ಲು, ಶಾಖಕ್ಕೆ ಮುದುಡುವ ಸ್ಲೀವು, ಒಂದು ಸಾಲ್ಡರಿಂಗ್ ಕಡ್ಡಿಯ ಮೊನೆ ತಂದೆ. ಎಲ್ಲ ಸೇರಿ 400ರ ಒಳಗೆ. ಕೇಬಲಿನ ಒಂದು ತುದಿ ಕತ್ತರಿಸಿ, ನಡುವಿನ ತಂತಿ, ಸುತ್ತಿನ ಜಾಲರಿ ಬೇರೆ ಮಾಡಿ, ಅಡಾಪ್ಟರ್ ಕಪ್ಲರಿನ ವೈರುಗಳಿಗೆ ಬೆಸೆಯಬೇಕು. ಕಾರಿನ ಸ್ವಂತ ವೈರನ್ನು ಮುಟ್ಟಲಿಲ್ಲ. ಕತ್ತರಿಸೋದೇನಿದ್ದರೂ ನಾನು ತಂದ ವೈರು ಮಾತ್ರ ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಪ್ಲಸ್ ನಾಲ್ಕನ್ನೂ ನಿಯತ್ತಾಗಿ ಬೆಸೆದೆ. ಮೈನಸ್ಸಿಗೆ ಬಂದಾಗ ಸೋಮಾರಿತನ ಬಂತು. ಮೈನಸ್ ಅಂದರೆ ಅರ್ಥ್ ತಾನೇ? ಆಂಪಿಗೆ ಹೋಗುವ ನಾಲ್ಕೂ ಮೈನಸ್ ಒಟ್ಟಿಗೆ ಹುರಿ ಮಾಡಿ ಡ್ಯಾಶ್‌ಬೋರ್ಡಿನ ಕಬ್ಬಿಣಕ್ಕೆ ಸ್ಕ್ರೂ ಬಿಗಿದೆ.

ಹಾಡು ಬಂತು. ಚೊಕ್ಕವಾದ, ತುಂಬಿದ ಹಾಡು. ಮೊದಲ ಸಲ ಅನ್ನಿಸಿತು, ಆಹಾ, ಇದಪ್ಪಾ ಎಂಟು ಸ್ಪೀಕರು. ಎಂಜಿನ್ ಸ್ಟಾರ್ಟ್ ಮಾಡಿದೆ. ಕುಂಯ್ಯ್.

ಸೊಳ್ಳೆಯ ಸದ್ದು. ಆಕ್ಸಿಲರೇಟರ್ ಒತ್ತಿದರೆ ಸ್ವರ ಏರುತ್ತೆ, ಬಿಟ್ಟರೆ ಇಳಿಯುತ್ತೆ. ಆಲ್ಟರ್ನೇಟರಿನ ಸದ್ದು ಹಾಡಿನ ವೈರಿಗೆ ನುಗ್ಗಿದಾಗ ಹೀಗಾಗುತ್ತದೆ. ಕೇಳಿದವರೆಲ್ಲ ಈ ಸದ್ದು ತಡೆಯುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ ಅಂದರು. 350 ಕೊಟ್ಟು ತಂದೆ. ಹಾಕಿದರೆ ಕುಂಯ್ ಅರ್ಧ ಕಡಿಮೆಯಾಯಿತು, ಅದರ ಜೊತೆ ಬೇಸೂ ಅರ್ಧ ಕಡಿಮೆಯಾಯಿತು. ಬಿಚ್ಚಿ ಗ್ಲವ್ ಬಾಕ್ಸಿಗೆ ಎಸೆದೆ.

ಜೆರಾಕ್ಸ್ ಪುಟಗಳನ್ನು ಮತ್ತೆ ನೋಡಿದಾಗ ಗೊತ್ತಾಯಿತು. ಈ ಆಂಪಿಗೆ ಮೈನಸ್ ಅಂದರೆ ಅರ್ಥ್ ಅಲ್ಲವೇ ಅಲ್ಲ. ಅದು ಪ್ಲಸ್‌ಗೂ ಮೈನಸ್‌ಗೂ ಇರುವ ವ್ಯತ್ಯಾಸವನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ದಾರಿಯಲ್ಲಿ ಎರಡೂ ವೈರಿಗೆ ಒಂದೇ ಸಮ ಗಲೀಜು ಸೇರಿದ್ದರೆ ಆ ಗಲೀಜು ವ್ಯತ್ಯಾಸದಲ್ಲಿ ಬರುವುದೇ ಇಲ್ಲ, ತಾನಾಗೇ ಕಳೆದುಹೋಗುತ್ತೆ. ಎಂಥ ಜಾಣ ಉಪಾಯ! ನಾನು ಮಾಡಿದ್ದೇನು? ಪ್ಲಸ್ ಸೆಟ್ಟಿನಿಂದ, ಮೈನಸ್ ಕಬ್ಬಿಣದಿಂದ. ಸೆಟ್ಟಿನ ಅರ್ಥಿಗೂ ಆ ಕಬ್ಬಿಣಕ್ಕೂ ನಡುವೆ ಇದ್ದ ಗಲೀಜನ್ನೆಲ್ಲ ಬೆಳ್ಳಿ ತಟ್ಟೆಯಲ್ಲಿಟ್ಟು ಆಂಪಿಗೆ ಬಡಿಸಿದ್ದೆ.

ಆ ರಾತ್ರಿಯೇ ಒಂಬತ್ತಕ್ಕೆ ಕೂತು ಹುರಿ ಬಿಚ್ಚಿದೆ. ಒಂದೊಂದು ಮೈನಸ್ಸನ್ನೂ ಅದರದೇ ಆರ್‌ಸಿಎ ಕೇಬಲಿನ ಜಾಲರಿಗೆ ಬೆಸೆದೆ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು. ಎಂಜಿನ್ ಹಾಕಿದೆ, ಆಕ್ಸಿಲರೇಟರ್ ಒತ್ತಿದೆ. ಕುಂಯ್ ಇಲ್ಲ. ಪೂರ್ತಿ ಇಲ್ಲ. ನಿದ್ದೆ ಚೆನ್ನಾಗಿ ಬಂತು.

ಸ್ಟೀರಿಂಗ್ ಮೇಲಿನ ಬಟನ್ನು, ಕ್ಯಾಮೆರಾ ಇವೆಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿದವು. ಅದರಲ್ಲಿ ಹೇಳುವಂಥದ್ದೇನಿಲ್ಲ.

ಮುಂದಿನ ವಾರ ಮಾವ ಬಂದರು. ಮೆಜೆಸ್ಟಿಕ್‌ನಿಂದ ಕರೆದುಕೊಂಡು ಬರಲು ಅದೇ ಕಾರಲ್ಲಿ ಹೋದೆ. ಅವರಿಗೆ ಅಂತಲೇ ಫೋನಿನಲ್ಲಿ ಹಳೇ ಹಿಂದೂಸ್ತಾನಿ ಖಯಾಲಿನ ರೆಕಾರ್ಡಿಂಗ್ ಹಾಕಿಟ್ಟಿದ್ದೆ. ಅವರು ಪಕ್ಕದ ಸೀಟಿನಲ್ಲಿ, ಅಂದರೆ ಆಂಪಿನ ಮೇಲೆಯೇ, ಕೂತು ಕಣ್ಣು ಮುಚ್ಚಿದರು. ಮಾಗಡಿ ರಸ್ತೆ ಬರುವವರೆಗೆ ಮಾತಿಲ್ಲ. ನಾನು ಶಭಾಷ್ ಅನ್ನಿಸಿಕೊಳ್ಳಲು ಕಾಯುತ್ತಿದ್ದೆ.

"ದನಿ ಛಲೋ ಬರಾಕತ್ತೈತಿ" ಅಂದರು. ಸ್ವಲ್ಪ ತಡೆದು, "ತಬಲಾ ಕೇಳತೈತಿ. ಡಗ್ಗಾ ಎಲ್ಲಿ ಹೋತು?" ಡಗ್ಗಾ ಅಂದರೆ ತಬಲಾ ಜೋಡಿಯಲ್ಲಿ ಎಡಗೈಯಲ್ಲಿ ನುಡಿಸುವ, ದಪ್ಪ ದನಿಯದು.

"ಹಳೇ ರೆಕಾರ್ಡಿಂಗ್ ಅಲ್ವಾ ಮಾವ, ಬೇಸ್ ಕಡಿಮೆ ಇರುತ್ತೆ."

"ಇದ ರೆಕಾರ್ಡಿಂಗ್ ಇದ ಗಾಡ್ಯಾಗ ನಾ ಹತ್ತ್ ವರ್ಷ ಕೇಳೀನಿ. ಡಗ್ಗಾ ಇತ್ರಿ."

ಮನೆಗೆ ಬಂದವನೇ ಈಕ್ವಲೈಸರಿನಲ್ಲಿ ಬೇಸ್ ಏರಿಸಿದೆ. ಬಾಗಿಲಿನ ಪ್ಲಾಸ್ಟಿಕ್ ಗಡಗಡ ಅಂದಿತೇ ಹೊರತು ಡಗ್ಗಾ ಬರಲಿಲ್ಲ. ಮಾವ ಕಾರಿನಲ್ಲೇ ಕೂತಿದ್ದರು. ತಲೆ ಅಲ್ಲಾಡಿಸಿದರು. ಅದು ಡಗ್ಗಾ ಅಲ್ಲ, ಡಬ್ಬಿ ಅಂದರು. ಹಾಡುವವರ ದನಿಯೂ ಎಲ್ಲಿಂದ ಬರುತ್ತಿದೆ ಅಂತ ತಿಳಿಯುತ್ತಿಲ್ಲ, ತಲೆಯ ಸುತ್ತ ತಿರುಗುತ್ತಿದೆ ಅಂದರು. ನನಗೆ ಅದು ಸ್ಟೀರಿಯೊ ಎಫೆಕ್ಟ್ ಅನ್ನಿಸಿತ್ತು!

ಒಂದೊಂದೇ ಸ್ಪೀಕರ್ ಕೇಳೋಣ ಅಂತ ಫೇಡರನ್ನು ಪೂರ್ತಿ ಮುಂದಕ್ಕೆ ತಂದೆ. ಹಿಂದಿನವು ನಿಂತವು. ಡಗ್ಗಾ ಇನ್ನೂ ಕಡಿಮೆಯಾಯಿತು. ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ಎಳೆದೆ. ಬಲಗಡೆ ಬಾಗಿಲು ಮೌನ. ಒಂದೇ ಬಾಗಿಲು ಹಾಡುತ್ತಿದೆ.

ಘುಂ.

ಡಗ್ಗಾ. ಅಂಗೈ ಒತ್ತಿ ಜಾರಿಸಿದಾಗ ಬರುವ ಆ ಗುಂಗು ಸಮೇತ. ಬಲಕ್ಕೆ ಎಳೆದೆ, ಅಲ್ಲೂ ಇದೆ. ನಡುವೆ ತಂದೆ, ಇಲ್ಲ. ಒಂದೊಂದೇ ಹಾಡಿದರೆ ಇರುವ ಡಗ್ಗಾ ಎರಡೂ ಸೇರಿ ಹಾಡಿದರೆ ಮಾಯ. ಮಾವ ಕಣ್ಣು ತೆರೆದರು. ಇನ್ನೊಮ್ಮೆ ಮಾಡ್ರಿ ಅಂದರು. ಮಾಡಿದೆ. ಇಬ್ಬರೂ ಮಕ್ಕಳ ಹಾಗೆ ಐದಾರು ಸಲ ಎಡ, ಬಲ, ನಡು ಅಂತ ಆಡಿದೆವು.

ಕುಂಯ್ ಓಡಿಸುವ ಭರದಲ್ಲಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಮುಂದಿನ ಬಲಗಡೆಯ ಜೊತೆಯನ್ನು ಅದಲುಬದಲು ಬೆಸೆದಿದ್ದೆ. ಪ್ಲಸ್ಸಿನಲ್ಲಿ ಮೈನಸ್ಸು, ಮೈನಸ್ಸಿನಲ್ಲಿ ಪ್ಲಸ್ಸು. ಎಡಗಡೆ ಸ್ಪೀಕರಿನ ಕಾಗದ ಮುಂದಕ್ಕೆ ಗಾಳಿ ದೂಡುವಾಗ ಬಲಗಡೆಯದು ಹಿಂದಕ್ಕೆ ಎಳೆಯುತ್ತಿತ್ತು. ಒಬ್ಬ ಬಿಂದಿಗೆಗೆ ನೀರು ಸುರಿಯುತ್ತಿದ್ದಾನೆ, ಇನ್ನೊಬ್ಬ ಅಷ್ಟೇ ನೀರು ಮೊಗೆದು ಚೆಲ್ಲುತ್ತಿದ್ದಾನೆ, ಬಿಂದಿಗೆ ತುಂಬುತ್ತಾ? ಬೇಸಿನ ಅಲೆ ಉದ್ದ, ಕಾರಿನೊಳಗೆ ಅದು ಹೀಗೆ ಒಂದಕ್ಕೊಂದು ಕಳೆದುಹೋಗುತ್ತೆ. ತಬಲಾದ ಟಣ್ ಅನ್ನುವ ಸಣ್ಣ ಅಲೆ ಅಷ್ಟು ಸುಲಭವಾಗಿ ಕಳೆಯೋಲ್ಲ. ಅದಕ್ಕೇ ದಾಯಾಂ, ಅಂದರೆ ಬಲಗೈಯ ತಬಲಾ, ಕೇಳುತ್ತಿತ್ತು, ಡಗ್ಗಾ ಇಲ್ಲ. ಹಳೇ ಮೋನೊ ರೆಕಾರ್ಡಿಂಗಿನಲ್ಲಿ ಎಡಕ್ಕೂ ಬಲಕ್ಕೂ ಹೋಗುವುದು ಒಂದೇ ದನಿಯಾದ್ದರಿಂದ ಕಳೆಯುವುದೂ ಜಾಸ್ತಿ. ಹೊಸ ಸಿನಿಮಾ ಹಾಡು ಕೇಳಿಕೊಂಡು ನಾನು ಇನ್ನೂ ಆರು ತಿಂಗಳು ಖುಷಿಯಾಗೇ ಇರುತ್ತಿದ್ದೆ.

ಮಲ್ಟಿಮೀಟರಿಗೆ ಇದು ಗೊತ್ತಾಗಿರಲಿಲ್ಲ. ವೋಲ್ಟು ಸರಿ, ಓಮು ಸರಿ, ಎಲ್ಲ ಸರಿ. ಎರಡು ವೈರು ಬಿಚ್ಚಿ ಅದಲುಬದಲು ಮಾಡಲು ಇಪ್ಪತ್ತು ನಿಮಿಷ. ಮಾವ ಟಾರ್ಚ್ ಹಿಡಿದರು. ಈ ಸಲ ಕೈಯಲ್ಲಿ.

ಆಮೇಲೆ ಅದೇ ಹಾಡು ಹಾಕಿದೆ. ಅವರ ಎಡಗೈ ತೊಡೆಯ ಮೇಲೆ ತಾನಾಗೇ ಠೇಕಾ ಹಿಡಿಯಿತು. "ಈಗ ಬಂತ್ ನೋಡ್ರಿ" ಅಂದರು. ಒಳಗಿನಿಂದ ಹೆಂಡತಿ ಊಟಕ್ಕೆ ಕರೆದಳು, ಎರಡು ಸಲ. ನಾವು ಹೋಗಲಿಲ್ಲ.

ಅವರದು ಇನ್ನೊಂದು ಪ್ರಶ್ನೆ ಉಳಿದಿತ್ತು. "ಧಾರವಾಡ ಆಕಾಶವಾಣಿ ಹತ್ತತೈತೇನ್ರಿ ಇದರಾಗ?" ಎಫ್.ಎಂ. ಅಲ್ಲ, ಅವರು ಕೇಳಿದ್ದು ಮೀಡಿಯಂ ವೇವ್, 765 ಕಿಲೋಹರ್ಟ್ಸ್. ಸೆಟ್ಟಿನಲ್ಲಿ ಅದಕ್ಕೆ ಬೇಕಾದ ಎ.ಎಂ. ಏನೋ ಇತ್ತು. ಆದರೆ ಬಾಣ ಒತ್ತಿದರೆ 760, ಆಮೇಲೆ 770. ನಡುವೆ ಏನೂ ಇಲ್ಲ. ಬೆಂಗಳೂರು ಕೇಂದ್ರದ 612 ಕೂಡ ಸಿಗದು, 610 ಆದಮೇಲೆ 620. ಇದು ವೈರಿನ ತಪ್ಪಲ್ಲ. ಸೆಟ್ಟಿಂಗಿನಲ್ಲಿ ರೇಡಿಯೊ ಪ್ರದೇಶ ಅಮೆರಿಕ ಅಂತ ಇತ್ತು. ಅಲ್ಲಿ ಎ.ಎಂ. ಕೇಂದ್ರಗಳು ಹತ್ತರ ಹೆಜ್ಜೆಯಲ್ಲಿ ಕೂತಿವೆ, ನಮ್ಮಲ್ಲಿ ಒಂಬತ್ತರ ಹೆಜ್ಜೆ. ಪಟ್ಟಿಯಲ್ಲಿ ಭಾರತ ಇರಲಿಲ್ಲ. ಯುರೋಪ್ ಅಂತ ಮಾಡಿದೆ, 612 ಬಂತು, ಜೊತೆಗೆ ಗರ್ರ್ ಅನ್ನುವ ಸದ್ದೂ ಬಂತು. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಚುಚ್ಚಿದ್ದ ಅಗ್ಗದ ಮೊಬೈಲ್ ಚಾರ್ಜರ್ ಕಿತ್ತೆ. ಗರ್ರ್ ಮುಕ್ಕಾಲು ಪಾಲು ಹೋಯಿತು.

ಅವರನ್ನು ಧಾರವಾಡಕ್ಕೆ ಬಿಡಲು ನಾವೇ ಕಾರಲ್ಲಿ ಹೋದೆವು. ತುಮಕೂರು, ಚಿತ್ರದುರ್ಗದವರೆಗೆ ಪೆನ್‌ಡ್ರೈವಿನಲ್ಲಿದ್ದ ಹಾಡು. ಹಳೇ ಸ್ಟೀರಿಯೊ ಬಿಚ್ಚಿಸಿ ಸಿಕ್ಕಿಕೊಂಡ ಸಿ.ಡಿ. ಹೊರಗೆ ತೆಗೆಸಿದ್ದೆ. ಒಂದು ಗೆರೆಯೂ ಬಿದ್ದಿರಲಿಲ್ಲ. ಅದನ್ನೇ ಪೆನ್‌ಡ್ರೈವಿಗೆ ಹಾಕಿಸಿದ್ದು. ಹಾವೇರಿ ದಾಟುವಾಗ ಮಾವ ತಾವೇ ಕೈ ಚಾಚಿ ರೇಡಿಯೊ ಒತ್ತಿ, ಬಾಣ ಒತ್ತುತ್ತಾ ಒತ್ತುತ್ತಾ 765ಕ್ಕೆ ಬಂದು ನಿಂತರು. ರೈತರಿಗೆ ಯಾರೋ ಮೆಣಸಿನಕಾಯಿ ಬೆಳೆಯ ಬಗ್ಗೆ ಹೇಳುತ್ತಿದ್ದರು. ಮಾವ ಅದನ್ನು ಪೂರ್ತಿ ಕೇಳಿದರು. ಅವರಿಗೆ ಹೊಲವಿಲ್ಲ.

ಧಾರವಾಡದ ಮನೆ ಮುಂದೆ ಕೀ ತೆಗೆದಾಗ ಸ್ಪೀಕರುಗಳು ಟಪ್ ಅಂದವು. ಅದು ಈಗಲೂ ಹೋಗಿಲ್ಲ. ಸೆಟ್ ಆರಿದ ಮೇಲೂ ಆಂಪ್ ಒಂದು ಕ್ಷಣ ಎದ್ದಿರುತ್ತದೆ, ಆ ಕ್ಷಣದ ಸದ್ದು. ಎಬ್ಬಿಸುವ ವೈರಿಗೊಂದು ಪುಟ್ಟ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು) ಹಾಕಿ ಆಂಪೇ ಮೊದಲು ಮಲಗುವ ಹಾಗೆ ಮಾಡಬಹುದು ಅನ್ನಿಸುತ್ತೆ. ರಿಲೇ ತಂದಿಟ್ಟಿದ್ದೇನೆ, ಗ್ಲವ್ ಬಾಕ್ಸಿನಲ್ಲಿ ಐಸೊಲೇಟರಿನ ಪಕ್ಕದಲ್ಲೇ ಇದೆ.